ಪ್ಯಾಜೆಟ್‌ನ ಕತ್ತರಿ

ಕಾದಂಬರಿಕಾರ ಐವರ್ ಲಿಂಡ್‌ಕ್ವಿಸ್ಟ್ ಕೈತಪ್ಪಿ ಹೋಗುತ್ತಿದ್ದಾನೆ ಎಂಬುದು ಪ್ಯಾಜೆಟ್‌ಗೆ ಅವತ್ತು ಬೆಳಿಗ್ಗೆ ಖಚಿತವಾಯಿತು. ಬೀದಿಯಾಚೆಯ ಪ್ರತಿಸ್ಪರ್ಧಿ ಪ್ರಕಾಶಕನ ಕಚೇರಿಯಿಂದ ಅವನು ಹೆಂಡತಿಯೊಡನೆ ಇಳಿದು ಬಂದದ್ದನ್ನು ಕಂಡವರಿದ್ದರು.

"ಅವನು ಹೋದ್ರೆ ನಿನ್ನ ಕುರ್ಚಿನೂ ಅವನ ಹಿಂದೇನೇ ಹೋಗುತ್ತೆ," ಎಂದು ಪ್ಯಾಜೆಟ್ ಸಂಪಾದಕನಾಗಿದ್ದ ಪ್ರಕಾಶನದ ಮಾಲೀಕ ನಗುತ್ತಲೇ ಹೇಳಿದ್ದ. ಮೂರು ಪುಸ್ತಕಗಳ ಕರಾರು ಮುಗಿದಿತ್ತು. ಮಧ್ಯಾಹ್ನಕ್ಕೆ ಪ್ಯಾಜೆಟ್ ಗಂಡ ಹೆಂಡತಿಯನ್ನು ಮ್ಯಾನ್‌ಹಟನ್ನಿನ ದುಬಾರಿ ಹೋಟೆಲೊಂದಕ್ಕೆ ಊಟಕ್ಕೆ ಎಳೆದುತಂದ.

ಎದುರಿಗೆ ಕೂತವರನ್ನು ನೋಡಿದರೇ ಅವನಿಗೆ ಅಸಡ್ಡೆ. ನೆಬ್ರಾಸ್ಕಾದ ಗೋಧಿ ಹೊಲಗಳಿಂದ ಬಂದ ಐವರ್ ಸೂಟು ತೊಟ್ಟರೂ ಈಗಷ್ಟೇ ಟ್ರ್ಯಾಕ್ಟರಿನಿಂದ ಇಳಿದವನಂತಿದ್ದ. ಹೆಂಡತಿ ಹುಲ್ಡಾ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವಳ ತಟ್ಟೆಯ ಮಾಂಸವನ್ನು ಐವರ್ ತಾನೇ ತುಂಡು ಮಾಡಿಕೊಟ್ಟ. ಊಟದ ಮೇಜಿನಲ್ಲೂ ಇವರ ಸರಸವೇ ಎಂದು ಪ್ಯಾಜೆಟ್ ಮುಖ ತಿರುಗಿಸಿದ.

ಪ್ಯಾಜೆಟ್ ತಾನೂ ಲೇಖಕನೇ. ಪ್ರಾಯದಲ್ಲಿ ಎರಡು ಕಾದಂಬರಿ ಬರೆದಿದ್ದ. ಎರಡೂ ಗೋದಾಮಿನಲ್ಲಿ ಇಲಿಗಳ ಪಾಲಾದವು. ಓದುಗರಿಗೆ ಯೋಗ್ಯತೆ ಸಾಲದು ಎಂದು ತೀರ್ಮಾನಿಸಿ ಸಂಪಾದಕನಾದ. ಅಂದಿನಿಂದ ಇತರರು ಬರೆದದ್ದನ್ನು ಹೊಡೆದುಹಾಕುವುದೇ ಅವನ ಸಾಹಿತ್ಯಸೇವೆ.

ಐವರ್‌ನ ಮೊದಲ ಕಾದಂಬರಿಯನ್ನು ಅವನು ಅರ್ಧಕ್ಕೆ ಇಳಿಸಿದ್ದ. ಅದು ಸದ್ದಿಲ್ಲದೆ ಸತ್ತಿತು. ಎರಡನೆಯದರ ಹೊತ್ತಿಗೆ ಪ್ಯಾಜೆಟ್‌ನ ಕೈ ಪಳಗಿತು. ಹಸ್ತಪ್ರತಿಯೇ ಎರಡು ಪಟ್ಟು ದಪ್ಪ ಬಂದಿತ್ತು. ಕೋಳಿಗೂಡಿನ ವರ್ಣನೆ, ಹಣ್ಣಿನ ಮುರಬ್ಬ ಕಾಯಿಸುವ ವರ್ಣನೆ, ಚರ್ಚಿಗೆ ಬರುವ ಹೆಂಗಸರ ಟೊಪ್ಪಿಗೆಗಳ ವರ್ಣನೆ. ಎಲ್ಲವನ್ನೂ ಪ್ಯಾಜೆಟ್ ಕಿತ್ತೆಸೆದ. ಒಳಗಿಂದ ಥಳಥಳಿಸುವ ಕಾದಂಬರಿ ಹೊರಬಂತು. ದೇಶವೇ ಓದಿತು. ಮೂರನೆಯದೂ ಹಾಗೇ ಬಂತು, ಹಾಗೇ ಗೆದ್ದಿತು, ಬಹುಮಾನವನ್ನೂ ತಂದಿತು. ಐವರ್ ಒಂದು ಸಾಲಿಗೂ ತಕರಾರು ತೆಗೆದಿರಲಿಲ್ಲ. ಮಂಕನಿಗೆ ನೋವಾದರೂ ಹೇಗೆ ಗೊತ್ತಾಗಬೇಕು? "ಅವನು ಕೊಡೋದು ಬರೀ ಬಂಡೆ. ಮೂರ್ತಿ ಕೆತ್ತೋನು ನಾನು," ಎಂದು ಪ್ಯಾಜೆಟ್ ಕಾಲೇಜು ಕಾಲೇಜುಗಳಲ್ಲಿ ಭಾಷಣ ಮಾಡುತ್ತಿದ್ದ.

"ನೇರವಾಗಿ ಕೇಳ್ತೀನಿ ಐವರ್," ಎಂದ ಈಗ. "ಅಲ್ಲಿ ನಿನಗೆ ಕತ್ತರಿ ಹಾಕೋರು ಯಾರು?"

"ಯಾರೂ ಹಾಕಲ್ವಂತೆ ಸಾರ್."

"ಹಾಗಾದ್ರೆ ನಿನ್ನ ಕಥೆ ಮುಗೀತು. ನಾನು ಕಿತ್ತದ್ದೆಲ್ಲ ಹಾಗೇ ಅಚ್ಚಾಗಿದ್ರೆ ಯಾವನು ಓದ್ತಿದ್ದ?"

"ಯಾರೂ ಓದ್ತಿರ್ಲಿಲ್ಲ," ಐವರ್ ತಕ್ಷಣ ಒಪ್ಪಿಕೊಂಡ. "ಎಲ್ಲಿ ಏನಾದ್ರೂ ಕೀಳದೆ ಬಿಟ್ಟುಬಿಡ್ತೀರೋ ಅಂತ ಪ್ರತಿ ಸಲ ಉಸಿರು ಬಿಗಿಹಿಡ್ಕೊಂಡು ಕಾಯ್ತಿದ್ವಿ. ನೀವು ಕಿತ್ತಿದ್ದಕ್ಕೇ ನಾವು ಬದುಕಿಕೊಂಡ್ವಿ."

ಇಷ್ಟು ಕೃತಜ್ಞತೆಯಿದ್ದವನು ಬಿಟ್ಟುಹೋಗುವುದೇಕೆ? ಪ್ಯಾಜೆಟ್‌ಗೆ ಸಿಟ್ಟು ಬಂತು. ಹಳ್ಳಿಯವರ ತಲೆ ಕೆಡಿಸುವುದು ಹೆಂಗಸರೇ ಎಂದುಕೊಂಡು ಹುಲ್ಡಾಳ ಕಡೆ ತಿರುಗಿದ.

"ನೀವಾದ್ರೂ ಬುದ್ಧಿ ಹೇಳಿ ಮೇಡಂ. ಆ ಕೋಳಿಗೂಡಿನ ಪುರಾಣ ನೀವು ಓದಿದ್ರಾ?"

"ಚೆನ್ನಾಗಿ ಗೊತ್ತು ಸಾರ್."

"ಹೇಗಿತ್ತು?"

"ದರಿದ್ರವಾಗಿತ್ತು. ಅದರಲ್ಲಿ ಎರಡನೇ ಮಾತಿಲ್ಲ."

"ನೋಡಿದ್ಯಾ?" ಪ್ಯಾಜೆಟ್ ಬೆನ್ನು ಹಿಂದಕ್ಕೆ ಒರಗಿಸಿ ನಕ್ಕ. "ನಿನ್ನ ಹೆಂಡ್ತಿಗೂ ಅರ್ಥವಾಗಿದೆ. ಆ ಕಸದ ಹೊರೆ ಇಳಿಸೋಕೆ ನಾನು ಎಷ್ಟು ಬೆವರು ಸುರಿಸಿದೀನಿ ಗೊತ್ತಾ?"

ಐವರ್ ಹೆಂಡತಿಯ ಮುಖ ನೋಡಿದ. "ಹೇಳಿಬಿಡೋಣ್ವಾ ಹುಲ್ಡಾ? ಪಾಪ, ಇವರು ಕಾರಣ ಕೇಳ್ತಿದಾರೆ."

"ನಾನೇ ಹೇಳ್ತೀನಿ ಬಿಡಿ," ಎಂದಳು ಹುಲ್ಡಾ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಕ್ಷಮೆ ಕೇಳುವವಳಂತೆ ಮುಂದಕ್ಕೆ ಬಾಗಿದಳು.

"ಬೇಜಾರು ಮಾಡ್ಕೋಬೇಡಿ ಸಾರ್. ಮೊದಲನೇ ಪುಸ್ತಕದಲ್ಲಿ ಎಲ್ಲೆಲ್ಲಿ ಜೀವ ಇತ್ತೋ ಅಲ್ಲೇ ನೀವು ಕತ್ತರಿ ಹಾಕಿದ್ರಿ. ಆಮೇಲಿಂದ ನಿಮಗೆ ಕತ್ತರಿಸೋಕೆ ಬೇಕಾದ ಕಸವನ್ನೆಲ್ಲ ನಾನೇ ಕೂತು ಬರೀತಿದ್ದೆ. ಈಗ ಬೆರಳು ಮಡಚೋಕೇ ಆಗ್ತಿಲ್ಲ."