ತಗಡಿನ ಬಟ್ಟಲು

ವಸ್ತುಸಂಗ್ರಹಾಲಯ ನೋಡಿಕೊಳ್ಳುವ ಮುದುಕ ಕರ್ಟಿನ್ ತಗಡಿನ ಬಟ್ಟಲನ್ನು ಬೋರಲು ಹಾಕಿ ನೋಡಿದವನು ತಲೆಯನ್ನೇ ಎತ್ತಲಿಲ್ಲ. ಲಿಮರಿಕ್‌ನ ಆ ಸಣ್ಣ ಕಟ್ಟಡದಲ್ಲಿ ಫರ್ಗಸ್ ಮೇಜಿನ ಸುತ್ತ ಓಡಾಡುತ್ತಲೇ ಇದ್ದ. ಹಿರಿಯರ ಊರಿಗೆ ಈ ಬಟ್ಟಲನ್ನು ಕಾಣಿಕೆ ಕೊಡಲೆಂದೇ ಅವನು ತಾಯಿ ನೋನಿಯನ್ನೂ ಮಗಳು ಡರ್ವ್ಲಾಳನ್ನೂ ಲಿವರ್‌ಪೂಲ್‌ನಿಂದ ಹಡಗು ಹತ್ತಿಸಿ ಕರೆತಂದಿದ್ದ.

"ಬೇಗ ಹೇಳ್ರೀ. ನಮ್ಮ ಮುತ್ತಜ್ಜಿ ಜೊಹಾನಾದು. ಬರಗಾಲದಲ್ಲೂ ಯಾರ ಮುಂದೆಯೂ ತಲೆ ಬಗ್ಗಿಸದ ಹೆಂಗಸು!"

"ತಳದಲ್ಲಿ ಪ್ರಾಟೆಸ್ಟಂಟ್ ಮಿಷನ್ನಿನ ಮುದ್ರೆ ಇದೆ ಸ್ವಾಮಿ," ಅಂದ ಕರ್ಟಿನ್ ಮೆಲ್ಲಗೆ. "ಕ್ಯಾಥೊಲಿಕ್ ಮತ ಬಿಟ್ಟು ಬಂದೋರಿಗೆ ಮಾತ್ರ ಇದರಲ್ಲಿ ಸೂಪು ಹಾಕ್ತಿದ್ರು. ಅಂಥೋರ ಮನೆತನಾನ ಇಲ್ಲಿ ಇವತ್ತಿಗೂ ಹಂಗಿಸ್ತಾರೆ. ಬೇಕಾದ್ರೆ ಹೆಸರು ಹಾಕದೆ ಇಡ್ತೀನಿ."

"ಅಂದ್ರೆ ಮುತ್ತಜ್ಜಿ ಸೂಪಿಗೆ ಮತ ಮಾರಿದ್ಲಾ ಅಪ್ಪಾ?" ಡರ್ವ್ಲಾ ಕಿಸಕ್ಕನೆ ನಕ್ಕಳು.

"ಬಾಯ್ಮುಚ್ಚೇ!" ಫರ್ಗಸ್ ಬಟ್ಟಲನ್ನು ಕಸಿದು ಚೀಲಕ್ಕೆ ತುರುಕಿದ. "ನಡೀರಿ, ಹಡಗಿಗೆ ಹೊತ್ತಾಯ್ತು."

"ಹಡಗಿರೋದು ನಾಳೆ ಕಣೋ." ನೋನಿ ಚೀಲಕ್ಕೆ ಕೈ ಹಾಕಿ ಬಟ್ಟಲನ್ನು ಎಳೆದು ಮೇಜಿನ ಮೇಲೆ ಠಣ್ಣನೆ ಇಟ್ಟಳು. "ನಂಗೆ ಮೊದಲಿಂದ್ಲೂ ಗೊತ್ತಿತ್ತು. ಅವಳಿಗೆ ನಾಲ್ಕು ಮಕ್ಕಳು. ಆ ಬೀದಿಯಲ್ಲಿ ಬದುಕುಳಿದ ಮಕ್ಕಳು ಆ ನಾಲ್ಕೇ. ಅವಳು ತಲೆ ಬಗ್ಗಿಸದೆ ಇದ್ದಿದ್ರೆ ಜಂಬ ಕೊಚ್ಚೋಕೆ ನೀನೆಲ್ಲಿರ್ತಿದ್ಯೋ, ದಡ್ಡ?"

ಕರ್ಟಿನ್ ಮುಂದಿದ್ದ ಹೆಸರಿನ ಚೀಟಿಯನ್ನು ಅವಳು ಮಗನತ್ತ ತಳ್ಳಿದಳು.

"ಬರಿ. ಜೊಹಾನಾ ಲಿಡ್ಡಿ. ದಪ್ಪಕ್ಷರದಲ್ಲಿ."

ಬೆಳಿಗ್ಗೆಯಿಂದ ಒಂದು ಕಡೆ ನಿಲ್ಲದ ಫರ್ಗಸ್ ಕುರ್ಚಿ ಎಳೆದುಕೊಂಡು ಕೂತ. ಪೆನ್ನು ತೆಗೆದ.