ಕುಜನ ಉರಿ ಆರಿದ್ದು

"ಏಳನೇ ಮನೇಲಿ ಕುಜ ಕುಂತವ್ನೆ. ಈ ಸಂಬಂಧ ಬ್ಯಾಡ, ಏಳಿ ಹೋಗಣ," ಎಂದು ಹುಚ್ಚಯ್ಯ ಹುಡುಗಿಯ ಜಾತಕ ಮಡಚಿಟ್ಟಾಗ, ಅವರ ತಂಗಿಯ ಮಗ ಕಂಠಪ್ಪನ ಬಾಯಿ ತುಂಬ ಕೇಸರಿಬಾತಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಹನಗೋಡಿನಿಂದ ತಾಯಿ ಮಂಗಳಮ್ಮ ಮತ್ತು ಮಾವನ ಜೊತೆ ಅವನು ಗಾವಡಗೆರೆಗೆ ಹೆಣ್ಣು ನೋಡಲು ಬಂದಿದ್ದ. ಹುಡುಗಿ ಚೆಲುವಮ್ಮ ಕಾಫಿ ಕೊಡುತ್ತಾ, "ಸಕ್ಕರೆ ಸಾಕಾ?" ಎಂದು ಕೇಳಿದ್ದಕ್ಕೆ, "ನಂಗೆ ಒಪ್ಪಿಗೆ" ಅಂದುಬಿಟ್ಟಿದ್ದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದ್ದಳು. ಈಗ ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ಅದೇ ಮುಖ ಬಾಡಿಹೋಗಿತ್ತು. ಕುಜದೋಷವೆಂದು ಎದ್ದುಹೋದ ಗಂಡುಗಳನ್ನು ಆ ಮನೆ ಮೊದಲೇ ಕಂಡಿತ್ತು.

ಕಂಠಪ್ಪ ಗಟಕ್ಕನೆ ನುಂಗಿದ. "ಕೂತ್ಕೊಳ್ಳಿ ಮಾವ. ಕುಜ ಅಂದ್ರೆ ಮಂಗಳ ಗ್ರಹ ತಾನೆ? ಮೈಸೂರಲ್ಲಿ ನಾನು ಪಿಎಚ್.ಡಿ. ಮಾಡ್ತಿರೋದೇ ಅವನ ಮೇಲೆ. ಹೋದ ವರ್ಷ ಅಮೆರಿಕದವರ ನೌಕೆ ಅವನನ್ನ ಸುತ್ತುತ್ತಾ ತೆಗೆದ ಫೋಟೋ ನನ್ನ ಬ್ಯಾಗಲ್ಲೇ ಇದೆ."

ಫೋಟೋ ಚಾಪೆಯ ಮೇಲೆ ಹರಡಿದ ಕೂಡಲೇ ಹುಚ್ಚಯ್ಯ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು. ಗ್ರಹಕ್ಕೆ ಕಾಲು ತಗುಲಿದರೆ ಹೇಗೆ? ಕೈ ಮುಗಿದು, ಕನ್ನಡಕ ಏರಿಸಿ ಬಗ್ಗಿದರು. "ಇದೇನ್ಲಾ, ಗಂಜಿ ಉಕ್ಕಿ ಚೆಲ್ದಂಗದೆ?"

"ಲಾವಾರಸ ಮಾವ. ಬೆಟ್ಟದ ಬಾಯಿಂದ ಬೆಂಕಿ ಉಕ್ಕಿ ಹರಿದು, ಆಮೇಲೆ ಆರಿ ಕಲ್ಲಾಗಿರೋದು."

ಹುಚ್ಚಯ್ಯನಿಗೂ ಆ ಹುಡುಗಿಯನ್ನು ಕಂಡು ಪಾಪ ಅನ್ನಿಸಿತ್ತು. "ದೋಷ ಅಂದ್ರೆ ಅವನ ಉರಿ ಕಣ್ಲಾ. ಉರೀನೇ ಆರೋಗದೆ ಅಂದ್ರೆ ದೋಷ ಎಲ್ಲಿ ಬಂತು? ಯೋಳು, ಆರಿ ಬಾಳ ಕಾಲ ಆಯ್ತಾ?"

ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಮಂಗಳಮ್ಮ ಮಗನಿಗೆ ಕಣ್ಸನ್ನೆ ಮಾಡಿದರು. ಹುಡುಗಿಯ ಅಪ್ಪ ಉಸಿರು ಬಿಗಿಹಿಡಿದು ಕೂತರು. ಆದರೆ ಈ ಲಾವಾರಸ ಹಳೆಯದಲ್ಲ, ಹೊಸದು ಎಂದು ಕಂಠಪ್ಪ ತನ್ನ ಪ್ರೊಫೆಸರರ ಹತ್ತಿರ ಜಗಳವಾಡಿ, ಮಾತು ಬಿಟ್ಟು, ಕೊನೆಗೂ ಅವರನ್ನು ಒಪ್ಪಿಸಿದ್ದ. ಈಗ ಹೂಂ ಅನ್ನಲು ನಾಲಿಗೆ ಹೊರಳಲಿಲ್ಲ.

"ಇಲ್ಲ ಮಾವ, ಇದು ತೀರಾ ಇತ್ತೀಚಿನದು. ಆಕಾಶದಿಂದ ಕಲ್ಲು ಬಿದ್ದೂ ಬಿದ್ದೂ ಹಳೇ ನೆಲದ ತುಂಬಾ ಗುಂಡಿ ಆಗಿರ್ತವೆ. ಇಲ್ಲಿ ನೋಡಿ, ಹೊಸದಾಗಿ ಟಾರು ಹಾಕಿದ ಹುಣಸೂರು ರಸ್ತೆ ಇದ್ದಂಗಿದೆ."

"ನೋಡ್ದಾ! ಇನ್ನೂ ಬಿಸಿ ಅವ್ನೆ!" ಹುಚ್ಚಯ್ಯ ಟವಲು ಕೊಡವಿ ಎದ್ದೇಬಿಟ್ಟರು.

ಮಂಗಳಮ್ಮ ಹಣೆ ಚಚ್ಚಿಕೊಂಡರು. "ಇವನ್ನ ಓದಿಸ್ಬಾರ್ದಾಗಿತ್ತು ಕಣಣ್ಣ."

ಆಗ ಬಾಗಿಲ ಸಂದಿಯಿಂದ ಚೆಲುವಮ್ಮನ ದನಿ ಬಂತು. "ಇತ್ತೀಚೆ ಅಂದ್ರೆ ಯಾವಾಗ ಅಂತ ಕೇಳಪ್ಪ."

"ಹೆಚ್ಚಂದ್ರೆ... ಇಪ್ಪತ್ತು ಕೋಟಿ ವರ್ಷ," ಎಂದ ಕಂಠಪ್ಪ, ಕಳ್ಳತನ ಒಪ್ಪಿಕೊಳ್ಳುವವನ ಹಾಗೆ.

ಹುಚ್ಚಯ್ಯ ನಿಂತಲ್ಲೇ ಬೆರಳು ಮಡಚಿ ಎಣಿಸಲು ಹೊರಟು, ಬೆರಳು ಸಾಲದೆ ಮತ್ತೆ ಕೂತರು. ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು.

"ಅಲ್ಲ ಕಣಣ್ಣ, ನಮ್ಮನೆ ಒಲೆ ಕೆಂಡ ಬೆಳಗಾಗೋದ್ರೊಳಗೆ ಆರೋಯ್ತದೆ," ಅಂದರು ಮಂಗಳಮ್ಮ. "ಇಪ್ಪತ್ತು ಕೋಟಿ ವರ್ಸ ಆದ್ರೂ ಬಿಸಿ ಅಂತೀಯಲ್ಲ!"

ಹುಚ್ಚಯ್ಯ ಮುಖ ಬಿಗಿದುಕೊಂಡು, ಮಗುವಿನ ಜ್ವರ ನೋಡುವವರಂತೆ ಅಂಗೈಯನ್ನು ಫೋಟೋದ ಮೇಲಿಟ್ಟರು. ತಿರುಗಿಸಿ ಬೆನ್ನಿನ ಕಡೆಯನ್ನೂ ಮುಟ್ಟಿ ನೋಡಿದರು.

"ತಣ್ಣಗವ್ನೆ. ಲಗ್ನ ಇಡ್ಸಿ."

ಆಷಾಢ ಹುಟ್ಟುವ ಮೊದಲೇ ಮದುವೆ ಗೊತ್ತಾಯಿತು. ಆ ಫೋಟೋ ಮಾತ್ರ ಕಂಠಪ್ಪನಿಗೆ ವಾಪಸು ಸಿಗಲಿಲ್ಲ. ಹುಚ್ಚಯ್ಯ ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ಕಂಕುಳಲ್ಲಿ ಇರುಕಿಕೊಂಡು, ಪಿರಿಯಾಪಟ್ಟಣದಿಂದ ಹೆಗ್ಗಡದೇವನಕೋಟೆಯವರೆಗೆ ಕುಜದೋಷದ ಹುಡುಗಿಯರಿದ್ದ ಮನೆಮನೆಗೂ ಬಸ್ಸು ಹತ್ತಿ ಹೋಗಿ ಸಂಬಂಧ ಕುದುರಿಸತೊಡಗಿದ್ದರು.

ಧಾರೆಯ ಹೊತ್ತಿಗೆ ಅವರು ಮದುಮಗನ ಕಿವಿಯ ಹತ್ತಿರ ಬಗ್ಗಿದರು. ಆಶೀರ್ವಾದ ಇರಬೇಕೆಂದು ಕಂಠಪ್ಪ ಭಕ್ತಿಯಿಂದ ತಲೆ ಬಾಗಿಸಿದ.

"ಶನೀದು ಯಾವಾಗ ಬತ್ತದ್ಲಾ?"