ಸೀಸೆಯೊಳಗಿನ ಸೂರ್ಯಕಾಂತಿ

ಹೆಬ್ಬಾಳದ ಜೇನು ಪರೀಕ್ಷೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದ ಗೋದಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಉಪೇಂದ್ರ ನೇರಳೆ ಮರದ ಹೂವಿನ ಜೇನು ಅಂತ ಯಶವಂತಪುರದಲ್ಲಿ ಮಾರುತ್ತಿದ್ದ ಸೀಸೆಯಿಂದ ತೆಗೆದ ಹನಿ ಅದು. ಗಾಜಿನ ಮೇಲೆ ಕಂಡದ್ದೆಲ್ಲ ಮುಳ್ಳುಮುಳ್ಳಾದ ದುಂಡು ಪರಾಗ, ಬರೀ ಸೂರ್ಯಕಾಂತಿಯದು. ನೇರಳೆಯ ಪುಟ್ಟ ತ್ರಿಕೋನದ ಕಣ ಹುಡುಕಿದರೂ ಇರಲಿಲ್ಲ.

“ವರದಿಯಲ್ಲಿ ನೇರಳೆ ಅಂತ ಬರೆದು ಸಹಿ ಹಾಕಿಬಿಡೇ. ಯಾರಿಗೆ ಗೊತ್ತಾಗುತ್ತೆ?” ಅಂದ ಪಕ್ಕದಲ್ಲೇ ನಿಂತಿದ್ದ ಉಪೇಂದ್ರ.

“ಸಕ್ಕರೆ ಕಾಯಿಲೆಗೆ ನೇರಳೆ ಜೇನೇ ಮದ್ದು ಅಂತ ನಿಮ್ಮಮ್ಮ ಮಾತ್ರೆ ಬಿಟ್ಟು ಕೂತಿದ್ದಾರೆ. ಅವರಿಗೂ ಇದನ್ನೇ ಕೊಟ್ರಾ?”

“ಮಗ ಮಾರೋ ಜೇನು ಅಂತ ಅವರೇ ಕೇಳಿದ್ರು. ಇದು ನೇರಳೆ ಅಲ್ಲ ಅಂತ ಹೇಗೆ ಹೇಳ್ಲಿ?”

ಗೋದಾ ವರದಿಯಲ್ಲಿ ‘ಸೂರ್ಯಕಾಂತಿ’ ಎಂದು ಒತ್ತಿ ಬರೆದು ಸಹಿ ಹಾಕಿ, ಅವನ ಎದೆಗೆ ಹಿಡಿದಳು.

“ನಡೀರಿ ಮನೆಗೆ. ಅಮ್ಮನ ಮುಂದೆ ನಿಂತು ಇದನ್ನ ನೀವೇ ಓದಿ.”